ಚೈನ್‌ಕೇಸಿಗೆ ಮ್ಯಾಗ್ನೆಟ್ ಡ್ರೇನ್ ಪ್ಲಗ್: ನಾಲ್ಕು ಸೀಸನ್ ಬಳಸಿದ ಮೇಲೆ

ಹಿಮದ ಮೇಲೆ ಓಡುವ ಸ್ನೋಮೊಬೈಲಿನ ಇಂಜಿನ್ನಿಗೆ ಸಿಗುವ ಆರೈಕೆಯಲ್ಲಿ ಕಾಲುಭಾಗವೂ ಚೈನ್‌ಕೇಸಿಗೆ ಸಿಗುವುದಿಲ್ಲ. ಇಂಜಿನ್ನಿನ ಶಕ್ತಿಯನ್ನು ಗಾಡಿಯ ಟ್ರ್ಯಾಕ್ ಪಟ್ಟಿಗೆ ದಾಟಿಸುವ ಚೈನ್ ಇರುವ ಮುಚ್ಚಿದ ಪೆಟ್ಟಿಗೆ ಅದು. ಅದರೊಳಗೆ ಆಯಿಲ್ ಪಂಪ್ ಇಲ್ಲ, ಫಿಲ್ಟರ್ ಇಲ್ಲ. ಕೆಳಗಿನ ಸ್ಪ್ರಾಕೆಟ್ (ಹಲ್ಲಿನ ಚಕ್ರ) ಆಯಿಲ್‌ನಲ್ಲಿ ಮುಳುಗಿ ತಿರುಗುತ್ತದೆ, ಚೈನ್ ಅದನ್ನು ಮೇಲಕ್ಕೆ ಎಳೆದು ಎರಚುತ್ತದೆ, ಅಷ್ಟೇ. ಸವೆದ ಲೋಹದ ಪುಡಿ ಅದೇ ಆಯಿಲ್ ಜೊತೆ ಸುತ್ತುತ್ತ ಚೈನಿನ ಪಿನ್ನುಗಳ ಸಂದಿಗೆ ಸೇರಿ ಇನ್ನಷ್ಟು ಸವೆಸುತ್ತದೆ. ಆ ಪುಡಿಯನ್ನು ಹಿಡಿದಿಡಲಿ ಎಂದು ತುದಿಯಲ್ಲಿ ನಿಯೋಡಿಮಿಯಂ ಆಯಸ್ಕಾಂತವಿರುವ ಪ್ಲಗ್ಗನ್ನು ಆಯಿಲ್ ಬಸಿಯುವ ತೂತಿಗೆ ಹಾಕಿದ್ದು. ಥ್ರೆಡ್ ಅಳತೆ ಡಬ್ಬಿಯ ಮೇಲೇ ಇರುತ್ತದೆ, ಅದನ್ನು ಇಲ್ಲಿ ಬರೆಯುವುದಿಲ್ಲ.

ಈ ಪ್ಲಗ್ ಕೊಡುವ ನಿಜವಾದ ಸಂತೋಷ ಅದನ್ನು ಬಿಚ್ಚಿದಾಗಿನದು. ಹತ್ತು ನಿಮಿಷ ಓಡಿಸಿ ಆಯಿಲ್ ಬಿಸಿಯಾದ ಕೂಡಲೇ, ಪುಡಿ ತಳಕ್ಕೆ ಇಳಿಯುವ ಮೊದಲೇ, ಪ್ಲಗ್ ತೆಗೆಯಬೇಕು. ತುದಿಯ ತುಂಬ ರೋಮ ಎದ್ದಂತೆ ಕಪ್ಪು ರಾಡಿ ನಿಂತಿರುತ್ತದೆ. ಬಟ್ಟೆಯಲ್ಲಿ ಒರೆಸಿದರೆ ಅದು ಆಯಸ್ಕಾಂತದ ಮೇಲೇ ಅತ್ತಿತ್ತ ಜಾರುತ್ತದೆಯೇ ಹೊರತು ಬಿಟ್ಟು ಬರುವುದಿಲ್ಲ. ಮೊದಲು ರಾಡಿಯಲ್ಲಿ ಸ್ವಲ್ಪವನ್ನು ಬಿಳಿ ಕಾಗದದ ಮೇಲೆ ಬೆರಳಲ್ಲಿ ತೆಳ್ಳಗೆ ಎಳೆದು ನೋಡಿ. ಉಳಿದದ್ದರ ಎಣ್ಣೆಯನ್ನು ಬ್ರೇಕ್ ಕ್ಲೀನರ್‌ನಿಂದ ತೊಳೆದು, ತುದಿಗೆ ಅಗಲ ಟೇಪ್ ಒತ್ತಿ ಕಿತ್ತರೆ ಎರಡು ಮೂರು ಸಲಕ್ಕೆ ಚೊಕ್ಕಟವಾಗುತ್ತದೆ.

ಕಾಗದದ ಮೇಲಿನ ಗುರುತು ಕಾಡಿಗೆಯಷ್ಟು ನುಣ್ಣಗಿದ್ದರೆ ಅದು ಸಹಜ ಸವೆತ. ಹೊಸ ಚೈನ್ ಹಾಕಿದ ಮೊದಲ ಆಯಿಲ್‌ನಲ್ಲಿ ಅದು ಹೆಚ್ಚೇ ಇರುತ್ತದೆ, ಗಾಬರಿ ಬೇಡ. ಸೂಜಿಮೊನೆಯಂಥ ಚೂರುಗಳು ಬೆರಳಿಗೆ ಚುಚ್ಚಿದರೆ ಚೈನಿನ ಪ್ಲೇಟು ಅಥವಾ ಸ್ಪ್ರಾಕೆಟ್ ಹಲ್ಲಿನ ಅಂಚು ಹೋಗುತ್ತಿದೆ. ಮಿಂಚುವ ಚಪ್ಪಟೆ ಹಕ್ಕಳೆ ಕಂಡರೆ ಬೇರಿಂಗ್ ಕಡೆ ನೋಡಿ. ಹಲ್ಲಿನ ತುಂಡೋ ಪಿನ್ನೋ ಸಿಕ್ಕಿದರೆ ಕವರ್ ಬಿಚ್ಚದೆ ಗಾಡಿ ಕದಲಿಸಬೇಡಿ. ಓಡುವಾಗ ಚೈನ್ ತುಂಡಾದರೆ ಅದು ಕೇಸನ್ನೇ ಒಡೆಯಬಲ್ಲದು.

ಇಲ್ಲಿಯವರೆಗೆ ಪ್ಲಗ್ಗಿಗೆ ಪೂರ್ಣ ಅಂಕ. ಮೂರನೇ ಸೀಸನ್‌ನಲ್ಲಿ ಅದರ ಮಿತಿ ಗೊತ್ತಾಯಿತು. ತುದಿಯಲ್ಲಿ ಕಾಡಿಗೆ ಮಾತ್ರ ಇತ್ತು. ಕವರ್ ತೆಗೆದರೆ ಕೇಸಿನ ತಳದಲ್ಲಿ ಬೆಳ್ಳಿಬಣ್ಣದ ಚೂರುಗಳ ಪದರ. ಚೈನ್ ಸಡಿಲಾದಾಗ ಕುಣಿದು ಕೇಸಿನ ಗೋಡೆಗೆ ಉಜ್ಜುತ್ತದೆ. ಆ ಗೋಡೆ ಅಲ್ಯೂಮಿನಿಯಂನದು, ಆಯಸ್ಕಾಂತಕ್ಕೆ ಅದು ಅಂಟುವುದಿಲ್ಲ. ಚೈನನ್ನು ಬಿಗಿಯಾಗಿಡುವ ಟೆನ್ಷನರ್ ಪ್ಯಾಡಿನ ಪ್ಲಾಸ್ಟಿಕ್ಕೂ ಅಂಟುವುದಿಲ್ಲ, ಬೇರಿಂಗಿನ ಗುಂಡುಗಳನ್ನು ಹಿಡಿದಿಡುವ ಕೇಜ್ ಹಿತ್ತಾಳೆಯದಾದರೆ ಅದೂ ಇಲ್ಲ. ಹಾಗಾಗಿ ಚೈನ್ ಸಡಿಲಾಗಿದೆ ಎಂದು ಹೇಳಬೇಕಾದ ಪುಡಿಯೇ ಈ ಪ್ಲಗ್ಗಿಗೆ ಕಾಣುವುದಿಲ್ಲ. ಪ್ಯಾಕೆಟ್ ಮೇಲೆ 'ಸಂಪೂರ್ಣ ರಕ್ಷಣೆ' ಎಂದು ಬರೆದು ಮಾರುವವರು ಇದನ್ನು ಹೇಳಬೇಕಿತ್ತು. ನನ್ನ ತಕರಾರು ಇದೊಂದೇ, ಆದರೆ ಸಣ್ಣದಲ್ಲ.

ಆದ್ದರಿಂದ ಸೀಸನ್ನಿಗೊಮ್ಮೆ ಕವರ್ ತೆಗೆಯಲೇಬೇಕು. ಮೊದಲು ಟೆನ್ಷನರ್ ಸಡಿಲಿಸಿ. ಕೆಳಗೆ, ಗಾಡಿಯ ತಳದ ತಟ್ಟೆಯಾದ ಬೆಲ್ಲಿಪ್ಯಾನ್ ಮೇಲೆ, ಬಟ್ಟೆ ಒತ್ತಾಗಿ ತುರುಕಿ. ಎಷ್ಟೇ ಬಸಿದರೂ ಕವರ್ ಬಿಡುವಾಗ ಒಂದಿಷ್ಟು ಆಯಿಲ್ ಸುರಿಯುತ್ತದೆ. ಎರಡು ಸ್ಪ್ರಾಕೆಟ್ಟುಗಳನ್ನೂ ಚೈನ್ ಸಮೇತ ಒಟ್ಟಿಗೆ ಹೊರಗೆಳೆಯಿರಿ. ಹಿಂದಿರುವ ಶಿಮ್ (ತೆಳು ಬಿಲ್ಲೆ), ವಾಷರ್‌ಗಳ ಕ್ರಮವನ್ನು ತೆಗೆಯುವ ಮೊದಲೇ ಫೋಟೋ ಹಿಡಿದಿಡಿ. ಚೈನನ್ನು ಸೀಮೆಎಣ್ಣೆಯಲ್ಲಿ ನೆನೆಸಿ ಕೊಂಡಿ ಕೊಂಡಿಯಾಗಿ ಮಡಿಸಿ ಅಲುಗಾಡಿಸಿ, ಪ್ಲೇಟುಗಳ ನಡುವಿನ ಪುಡಿ ಕಳಚಿ ಬೀಳುವುದು ಹಾಗೆ ಮಾಡಿದಾಗಲೇ. ತೊಳೆದ ಮೇಲೂ ಬಿಗಿದುಕೊಂಡ ಕೊಂಡಿ ಇದ್ದರೆ ಚೈನ್ ಬದಲಿಸಿ.

ಕೇಸಿನೊಳಗೆ ಕ್ಲೀನರನ್ನು ನೇರವಾಗಿ ಬೇರಿಂಗ್ ಕಡೆ ಸಿಡಿಸುವುದೇ ಎಲ್ಲರೂ ಮಾಡುವ ತಪ್ಪು. ಚೂರು ಬೇರಿಂಗ್ ಒಳಗೆ ಹೋಗುತ್ತದೆ, ಒಳಗಿನ ಆಯಿಲ್ ಹೊರಗೆ ಬರುತ್ತದೆ. ನೂಲು ಬಿಡದ ಬಟ್ಟೆಗೆ ಕ್ಲೀನರ್ ಹಾಕಿ ತಳದ ಮೂಲೆಗಳಿಂದ ಒರೆಸುತ್ತ ಬನ್ನಿ, ಬೇರಿಂಗನ್ನು ಹೊಸ ಆಯಿಲ್ ಸುರಿದು ತೊಳೆಯಿರಿ. ಗಾಳಿ ಹೊಡೆದು ಬೇರಿಂಗ್ ತಿರುಗಿಸಬೇಡಿ. ಹಳೆಯ ಆಯಿಲ್ ಹಾಲು ಕಲಸಿದಂತೆ ಬೆಳ್ಳಗಿದ್ದರೆ ನೀರು ಸೇರಿದೆ ಎಂದರ್ಥ. ಸೀಲ್ ಮತ್ತು ಕವರಿನ ಓ-ರಿಂಗ್ ಎರಡನ್ನೂ ಬದಲಿಸಿ.

ಹಣ ಕಡಿಮೆಯಿದ್ದರೆ ಮೊದಲು ಓ-ರಿಂಗ್ ಮತ್ತು ಆಯಿಲ್ ಕೊಳ್ಳಿ, ಉಳಿದರೆ ಈ ಪ್ಲಗ್. ಕೊಳ್ಳುವಾಗ ಆಯಸ್ಕಾಂತವನ್ನು ಬರೀ ಅಂಟಿನಲ್ಲಿ ಕೂರಿಸಿದ್ದು ಬೇಡ, ಪ್ಲಗ್ಗಿನ ಅಂಚು ಮಡಿಸಿ ಕೂರಿಸಿದ್ದು ನೋಡಿ. ಅಂಟು ಬಿಟ್ಟರೆ ಆಯಸ್ಕಾಂತ ಹೋಗಿ ಕೂರುವುದು ಸ್ಪ್ರಾಕೆಟ್ ಮೇಲೇ. ಸಾಮಾನ್ಯ ದರ್ಜೆಯ ನಿಯೋಡಿಮಿಯಂ 80 ಡಿಗ್ರಿ ಸೆಲ್ಸಿಯಸ್ ದಾಟಿದರೆ ಬಲ ಕಳೆದುಕೊಳ್ಳುತ್ತದೆ, ಹೆಚ್ಚಿನ ಶಾಖ ತಡೆಯುವ ದರ್ಜೆಯದೇ ಇರಲಿ.

ಮರುಜೋಡಣೆಯಲ್ಲಿ ಸ್ಪ್ರಾಕೆಟ್ ಬೋಲ್ಟಿಗೆ ಮ್ಯಾನುಯಲ್ ಹೇಳುವ ಟಾರ್ಕ್ (ಬಿಗಿಯುವ ಬಲ) ಮಾತ್ರ. ಡ್ರಿವನ್ ಕ್ಲಚ್ (ಇಂಜಿನ್ನಿನ ಡ್ರೈವ್ ಬೆಲ್ಟಿನಿಂದ ತಿರುಗುವ ಕ್ಲಚ್) ತಿರುಗಿಸಿ ಚೈನಿನ ಸಡಿಲವನ್ನೆಲ್ಲ ಟೆನ್ಷನರ್ ಬದಿಗೆ ತಂದು ಬ್ರೇಕ್ ಹಿಡಿದಿಡಿ. ಹಲವು ಮಾದರಿಗಳಲ್ಲಿ ಟೆನ್ಷನರಿನ ಅಡ್ಜಸ್ಟರ್ ಬೋಲ್ಟನ್ನು ಬೆರಳಲ್ಲೇ ಬಿಗಿದು, ಕಾಲು ಸುತ್ತು ಹಿಂದಕ್ಕೆ ಬಿಟ್ಟು ಲಾಕ್‌ನಟ್ ಬಿಗಿಯುವುದು ಕ್ರಮ. ಆಯಿಲ್ ಸಾಮಾನ್ಯವಾಗಿ 250ರಿಂದ 350 ಮಿ.ಲೀ. ಹಿಡಿಯುತ್ತದೆ, ಮ್ಯಾನುಯಲ್ ಹೇಳಿದ್ದಕ್ಕಿಂತ ಹೆಚ್ಚು ಹಾಕಿದರೆ ನೊರೆಯಾಗಿ ಬಿಸಿಯೇರುತ್ತದೆ. ಮಟ್ಟಸ ನೆಲದಲ್ಲಿ ಮಟ್ಟ ನೋಡಿ, ಸುಮಾರು 50 ಕಿ.ಮೀ. ಓಡಿಸಿದ ಮೇಲೆ ಅಡ್ಜಸ್ಟರನ್ನು ಇನ್ನೊಮ್ಮೆ ಪರೀಕ್ಷಿಸಿ.