ಒನ್‌ಲುಕ್: ಅಕ್ಷರ ಕೊಟ್ಟರೆ ಪದ ಹುಡುಕಿಕೊಡುವ ಸೈಟು, ವರ್ಷಗಟ್ಟಲೆ ಬಳಸಿದ ಮೇಲೆ

ಇಂಥ ಅಕ್ಷರಗಳಿರುವ ಇಂಗ್ಲಿಷ್ ಪದ ಬೇಕು ಅಂತ ಹುಡುಕಿದರೆ ನೂರೆಂಟು ಸೈಟು, ಆಪ್ ಸಿಗುತ್ತವೆ. ಬಹಳಷ್ಟರಲ್ಲಿ ಅಕ್ಷರ ತುಂಬೋಕೆ ಒಂದೇ ಜಾಗ. ಎಡವಟ್ಟು ಅಲ್ಲೇ ಶುರು. ಯಾಕಂದರೆ ಈ ಬೇಡಿಕೆ ಒಂದಲ್ಲ, ಮೂರು. ಕೊಟ್ಟ ಅಕ್ಷರಗಳೆಲ್ಲ ಪದದಲ್ಲಿರಬೇಕು, ಜೊತೆಗೆ ಬೇರೆಯವು ಇದ್ದರೂ ಪರವಾಗಿಲ್ಲ ಅನ್ನೋದು ಒಂದು. ಕೊಟ್ಟ ಅಕ್ಷರ ಬಿಟ್ಟು ಬೇರೆ ಇರಕೂಡದು, ಆದರೆ ಅವನ್ನೇ ಎಷ್ಟು ಸಲ ಬೇಕಾದರೂ ಬಳಸಬಹುದು ಅನ್ನೋದು ಇನ್ನೊಂದು. ಅಕ್ಷರದ ಬಿಲ್ಲೆ ಜೋಡಿಸಿ ಪದ ಕಟ್ಟುವ ಸ್ಕ್ರ್ಯಾಬಲ್ ಆಟದ ಹಾಗೆ ಒಂದೊಂದನ್ನು ಒಂದೇ ಸಲ ಬಳಸಬೇಕು ಅನ್ನೋದು ಮೂರನೆಯದು. ನಾನು ಮುಂಚೆ ಬಳಸುತ್ತಿದ್ದ ಒಂದು ಆಪ್‌ಗೆ (ಹೆಸರು ಬೇಡ ಬಿಡಿ) ಈ ಮೂರರ ವ್ಯತ್ಯಾಸವೇ ಗೊತ್ತಿರಲಿಲ್ಲ. ಮೇಲಿಂದ ಎರಡು ಪದಕ್ಕೊಂದು ಜಾಹೀರಾತು ಬೇರೆ.

ಒನ್‌ಲುಕ್‌ನಲ್ಲಿ ಮೂರಕ್ಕೂ ಬೇರೆ ಬೇರೆ ದಾರಿ ಇದೆ. ಇದು 1996ರಿಂದಲೂ ಇರುವ ಸೈಟು. ಮೂಲತಃ ಸಾವಿರಕ್ಕೂ ಹೆಚ್ಚು ನಿಘಂಟುಗಳನ್ನು ಒಂದೇ ಕಡೆ ಹುಡುಕುವ ಸೌಲಭ್ಯ. ನನಗೆ ಅದಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂದಿದ್ದು ಅದರ ಚಿಹ್ನೆಗಳು. ಪ್ರಶ್ನಾರ್ಥಕ ಚಿಹ್ನೆ ಅಂದರೆ ಯಾವುದೋ ಒಂದು ಅಕ್ಷರ. ನಕ್ಷತ್ರ (*) ಅಂದರೆ ಎಷ್ಟಾದರೂ ಅಕ್ಷರ. ಇವೆರಡು ಎಲ್ಲ ಕಡೆ ಇವೆ. ರುಚಿ ಇರೋದು ಮುಂದಿನದರಲ್ಲಿ.

ಅಲ್ಪವಿರಾಮ ಹಾಕಿ ಹಲವು ಷರತ್ತು ಜೋಡಿಸಬಹುದು. ಎ, ಇ, ಐ, ಒ, ಯು, ಐದು ಸ್ವರವೂ ಇರುವ ಪದ ಬೇಕಾ? ಒಂದೊಂದು ಸ್ವರದ ಎರಡೂ ಬದಿಗೆ ನಕ್ಷತ್ರ ಹಾಕಿ, ನಡುವೆ ಅಲ್ಪವಿರಾಮ ಕೊಟ್ಟರೆ ಆಯಿತು. ದಿನಾ ಬಾಯಲ್ಲಿರುವ ಎಜುಕೇಶನ್, ಸಂತೆಯ ಕಾಲಿಫ್ಲವರ್ ಎರಡೂ ಸಾಲಿಗೆ ಬರುತ್ತವೆ. ಕೊನೆಗೆ ಇನ್ನೊಂದು ಅಲ್ಪವಿರಾಮ, ಏಳು ಪ್ರಶ್ನಾರ್ಥಕ ಚಿಹ್ನೆ ಸೇರಿಸಿ. ಪಟ್ಟಿ ಸಣ್ಣದಾಗಿ, ಕ್ಯಾಲಿಫೋರ್ನಿಯಾದ ದೈತ್ಯ ಮರ ಸೆಕ್ವೋಯಾ ಸಿಗುತ್ತದೆ. ಏಳೇ ಅಕ್ಷರದಲ್ಲಿ ಐದೂ ಸ್ವರ!

ಮೈನಸ್ ಚಿಹ್ನೆ ಅಂದರೆ ಈ ಅಕ್ಷರ ಬೇಡ ಅಂತ. ಐದಕ್ಷರದ ಪದ ಊಹಿಸುವ ವರ್ಡಲ್ ಆಟ ಆಡುವವರಿಗೆ ಇದೇ ಪ್ರಾಣ. ಎಸ್, ಪಿ, ಮೂರು ಪ್ರಶ್ನಾರ್ಥಕ, ಆಮೇಲೆ ಮೈನಸ್ ಹಾಕಿ ಇ, ಐ. ಸ್ಪೂನ್, ಸ್ಪಾರ್ಕ್, ಸ್ಪೋರ್ಟ್ ಉಳಿಯುತ್ತವೆ, ಸ್ಪೀಡ್, ಸ್ಪೆಲ್ ಹೋಗುತ್ತವೆ. ಪ್ಲಸ್ ಅಂದರೆ ಇವಿಷ್ಟೇ ಇರಲಿ ಅಂತ. ನಕ್ಷತ್ರದ ಮುಂದೆ ಪ್ಲಸ್ ಹಾಕಿ ಬಿ, ಎ, ಎನ್ ಕೊಟ್ಟರೆ ಬನಾನಾ ಬರುತ್ತದೆ. ನ್ಯೂಯಾರ್ಕ್ ಟೈಮ್ಸ್‌ನ ಸ್ಪೆಲ್ಲಿಂಗ್ ಬೀ ಆಟಕ್ಕೆ ಇದು ಅಳತೆ ತೆಗೆದು ಹೊಲಿದ ಅಂಗಿ. ಅಲ್ಲಿ ಏಳು ಅಕ್ಷರ, ಮಧ್ಯದ್ದು ಕಡ್ಡಾಯ, ಪದ ನಾಲ್ಕಕ್ಷರಕ್ಕೆ ಕಮ್ಮಿ ಇರಕೂಡದು. ಆಟದ ಮಧ್ಯೆ ನೋಡಿದರೆ ಆಟವೇ ಹಾಳು. ಮಾರನೇ ದಿನ ಬಿಟ್ಟುಹೋದ ಪದ ಯಾವುದಿತ್ತು ಅಂತ ನೋಡೋದರಲ್ಲಿ ಒಂದು ಮಜಾ ಇದೆ.

ಜೋಡಿ ಓರೆಗೆರೆ (//) ಅಕ್ಷರಗಳನ್ನು ಕಲಸಿ ಜೋಡಿಸುತ್ತದೆ. ಸುಳಿವನ್ನೇ ಒಗಟು ಮಾಡಿ ಕೊಡುವ ಕ್ರಿಪ್ಟಿಕ್ ಪದಬಂಧ ಬಿಡಿಸುವವರಿಗೆ ಇದು ಗೊತ್ತಿರಲೇಬೇಕು. ಸೈಲೆಂಟ್ ಅನ್ನುವ ಪದದ ಅಕ್ಷರಗಳನ್ನು ಕೊಟ್ಟರೆ ಲಿಸನ್, ಎನ್‌ಲಿಸ್ಟ್, ಟಿನ್ಸೆಲ್ ಬರುತ್ತವೆ. ಅಕ್ಷರಗಳ ಆಚೆ ಬದಿಗೂ ಜೋಡಿ ಓರೆಗೆರೆ ಹಾಕಿದರೆ ಅವುಗಳಲ್ಲಿ ಕೆಲವನ್ನು ಮಾತ್ರ ಬಳಸಿದ ಸಣ್ಣ ಪದಗಳೂ ಬರುತ್ತವೆ. ಸ್ಕ್ರ್ಯಾಬಲ್‌ಗೆ ಬೇಕಾಗಿರೋದು ಇದೇ.

ಸ್ಕ್ರ್ಯಾಬಲ್ ಅಂದಮೇಲೆ ಕ್ಯೂ ಗೋಳು ಹೇಳಲೇಬೇಕು. ಇಂಗ್ಲಿಷಿನಲ್ಲಿ ಕ್ಯೂ ಇದ್ದರೆ ಪಕ್ಕದಲ್ಲಿ ಸಾಮಾನ್ಯವಾಗಿ ಯು ಬೇಕು. ನೂರು ಬಿಲ್ಲೆಯಲ್ಲಿ ಕ್ಯೂ ಒಂದೇ, ಯು ನಾಲ್ಕೇ. ಕೈಯಲ್ಲಿ ಕ್ಯೂ ಬಂತು, ಯು ಎಲ್ಲ ಖರ್ಚಾಗಿದೆ, ಆಗೇನು ಮಾಡೋದು? ಒಂದು ಭಾನುವಾರ ಆಟ ಮುಗಿದ ಮೇಲೆ ಕ್ಯೂಗೆ ಎರಡೂ ಕಡೆ ನಕ್ಷತ್ರ ಹಾಕಿ, ಮೈನಸ್ ಯು ಅಂತ ಕೊಟ್ಟು ಕೂತೆ. ಬಂದ ಪಟ್ಟಿ ನೋಡಿ ನಗು ಬಂತು. ನಿಕಾಬ್, ತಲಾಖ್, ಫಕೀರ್, ಕವ್ವಾಲಿ! ಎಲ್ಲ ನಮಗೆ ಗೊತ್ತಿರುವ ಮಾತುಗಳೇ, ಇಂಗ್ಲಿಷ್ ನಿಘಂಟಿಗೆ ಕ್ಯೂ ಹಾಕಿಕೊಂಡು ಹೋಗಿವೆ. ಮುಂದಿನ ಆಟದಲ್ಲಿ ನಿಕಾಬ್ ಇಟ್ಟೆ. "ಇದು ಇಂಗ್ಲಿಷಾ? ಸುಮ್ನೆ ಏನೇನೋ ಇಡ್ಬೇಡಿ" ಅಂತ ಅತ್ತಿಗೆ ತಕರಾರು ತೆಗೆದರು. ಸ್ಕ್ರ್ಯಾಬಲ್‌ನಲ್ಲಿ ಯಾವ ಪದ ನಡೆಯುತ್ತದೆ ಅಂತ ಹೇಳುವ ಕಾಲಿನ್ಸ್ ಪಟ್ಟಿ ತೆಗೆದು ತೋರಿಸಿದೆ. ಅಂಕ ಹೆಚ್ಚಿಸುವ ಬಣ್ಣದ ಮನೆಗಳ ಲೆಕ್ಕ ಬಿಟ್ಟರೂ 16 ಅಂಕ. ಅದರಲ್ಲಿ ಕ್ಯೂ ಒಂದರದ್ದೇ 10.

ಕಾಲಿನ್ಸ್ ಯಾಕೆ ತೆಗೆಯಬೇಕಾಯಿತು ಅಂದರೆ, ಒನ್‌ಲುಕ್ ಸ್ಕ್ರ್ಯಾಬಲ್‌ಗಾಗಿ ಮಾಡಿದ್ದಲ್ಲ. ಊರಿನ ಹೆಸರು, ವ್ಯಕ್ತಿಯ ಹೆಸರು, ಸಂಕ್ಷಿಪ್ತ ರೂಪ, ಎರಡು ಮೂರು ಪದ ಸೇರಿದ ನುಡಿಗಟ್ಟು ಎಲ್ಲ ಒಟ್ಟಿಗೆ ಬರುತ್ತವೆ. ಇವು ಬೋರ್ಡಿನ ಮೇಲೆ ನಡೆಯೋದಿಲ್ಲ. ಅಮೆರಿಕ, ಕೆನಡಾದವರಿಗೆ ಸ್ಕ್ರ್ಯಾಬಲ್ ಪಟ್ಟಿಯೇ ಬೇರೆ, ಉಳಿದ ಬಹುತೇಕ ಕಡೆ ಕಾಲಿನ್ಸ್. ಹಾಗಾಗಿ ಇಲ್ಲಿ ಹುಡುಕಿ, ಅಲ್ಲಿ ಪರೀಕ್ಷಿಸಿ ಅನ್ನೋದೇ ನಮ್ಮ ಮನೆಯ ನಿಯಮ.

ಇಂಟರ್ನೆಟ್ ಇಲ್ಲದಾಗ ಮ್ಯಾಕ್‌ನೊಳಗಿರುವ ಪದಪಟ್ಟಿಯಲ್ಲಿ ಗ್ರೆಪ್ (ಕಡತದೊಳಗೆ ಹುಡುಕುವ ಆದೇಶ) ಓಡಿಸಿಯೂ ನೋಡಿದ್ದೇನೆ. ಕ್ಷಣದಲ್ಲಿ ಉತ್ತರ ಬರುತ್ತದೆ. ಆದರೆ ಆ ಪಟ್ಟಿಯ ಮೂಲ 1934ರ ವೆಬ್‌ಸ್ಟರ್ ನಿಘಂಟು. ಹಳೇ ಪದಗಳು ರಾಶಿ ರಾಶಿ, ಬಹುವಚನಗಳು ಬಹುಪಾಲು ನಾಪತ್ತೆ.

ಒನ್‌ಲುಕ್‌ನಲ್ಲಿ ನನಗೆ ಅತಿ ಇಷ್ಟವಾದದ್ದು ಎರಡು ಚುಕ್ಕಿಯ ಚಿಹ್ನೆ (:). ಅಕ್ಷರದ ಷರತ್ತಿನ ಜೊತೆ ಅರ್ಥವನ್ನೂ ಕೊಡಬಹುದು. ಬಿ, ಎಲ್, ನಕ್ಷತ್ರ, ಎರಡು ಚುಕ್ಕಿ, ಆಮೇಲೆ ಸ್ನೋ. ಬಿಎಲ್‌ನಿಂದ ಶುರುವಾಗಿ ಹಿಮಕ್ಕೆ ಸಂಬಂಧಪಟ್ಟ ಪದ ಅಂತ. ಬ್ಲಿಜರ್ಡ್ ಸಿಗುತ್ತದೆ. ಪದಬಂಧದಲ್ಲಿ ಸುಳಿವೂ ಗೊತ್ತು, ಎರಡು ಅಕ್ಷರವೂ ಗೊತ್ತು, ಪದ ಮಾತ್ರ ನಾಲಿಗೆ ತುದಿಯಲ್ಲಿ ನಿಂತಿದೆ ಅನ್ನುವಾಗ ಇದಕ್ಕಿಂತ ಒಳ್ಳೆಯದು ನಾನು ಕಂಡಿಲ್ಲ.

ಫೋನಿನಲ್ಲಿ ಬಳಸೋದು ಸ್ವಲ್ಪ ಕಿರಿಕಿರಿ. ಅಕ್ಷರಕ್ಕೊಂದು ಕೀಲಿಮಣೆ, ಚಿಹ್ನೆಗೊಂದು ಕೀಲಿಮಣೆ ಅಂತ ಹಿಂದೆ ಮುಂದೆ ಓಡಾಡಬೇಕು. ಕಂಪ್ಯೂಟರಿನಲ್ಲಿ ಸಲೀಸು. ಸ್ಕ್ರ್ಯಾಬಲ್ ಮಾತ್ರ ಆಡುವವರಿಗೆ ಕಾಲಿನ್ಸ್ ಪಟ್ಟಿ ಇಟ್ಟುಕೊಂಡ ಬೇರೆ ಸಾಧನವೇ ನೇರ. ಪದಬಂಧ, ವರ್ಡಲ್, ಸ್ಪೆಲ್ಲಿಂಗ್ ಬೀ ಎಲ್ಲದಕ್ಕೂ ಒಂದೇ ಸಾಕು ಅನ್ನುವವರಿಗೆ ನಾನು ಹೇಳೋದು ಇದನ್ನೇ. ಐದಕ್ಕೆ ನಾಲ್ಕೂವರೆ.