ಮಲೆನಾಡಿನ ಮಳೆಗಾಲಗಳನ್ನು ಕಳೆದ ಎಕ್ಸ್‌ಪಲ್ಸ್ 200 4ವಿ: ನಿರ್ವಹಣೆ ಮತ್ತು ಮಾರ್ಪಾಡಿನ ಅನುಭವ

ಹೀರೋ ಎಕ್ಸ್‌ಪಲ್ಸ್ 200 4ವಿ ಬೈಕನ್ನು ನಾನು ಕೊಂಡದ್ದು 2022ರಲ್ಲಿ. ಕೆಲಸ ಶಿವಮೊಗ್ಗದಲ್ಲಿ, ಅಡಿಕೆ ತೋಟ ತೀರ್ಥಹಳ್ಳಿ ತಾಲ್ಲೂಕಿನ ಒಳಭಾಗದಲ್ಲಿ. ನಡುವಿನ ದಾರಿ ಗಾಜನೂರು, ಮಂಡಗದ್ದೆಗಳ ಮೂಲಕ ತುಂಗೆಯ ಮಗ್ಗುಲಲ್ಲೇ ಸಾಗುತ್ತದೆ. ಕೊನೆಯ ಐದಾರು ಕಿಲೋಮೀಟರು ಮಾತ್ರ ಇನ್ನೂ ಟಾರು ಕಾಣದ ಕೆಮ್ಮಣ್ಣಿನ ರಸ್ತೆ. ಈಗ ಓಡೋಮೀಟರು 40 ಸಾವಿರ ದಾಟಿದೆ. ಷೋರೂಮಿನಿಂದ ಹೊರಬಂದ ವಾರದಲ್ಲೇ ಬರೆದ ವಿಮರ್ಶೆಗಳು ಬೇಕಾದಷ್ಟಿವೆ. ಮಳೆಗಾಲದ ಮೇಲೆ ಮಳೆಗಾಲ ಕಳೆದಾಗ ಬೈಕಿನ ಯಾವ ಭಾಗಕ್ಕೆ ಗಮನ ಬೇಕಾಗುತ್ತದೆ, ಯಾವ ಮಾರ್ಪಾಡಿಗೆ ಹಾಕಿದ ಹಣ ಸಾರ್ಥಕ, ಯಾವುದಕ್ಕೆ ದಂಡ ಎಂಬುದನ್ನು ಹೇಳುವವರು ಕಡಿಮೆ. ನನ್ನ ಮಟ್ಟಿಗೆ, ಮಲೆನಾಡಿನಲ್ಲಿ ಬೈಕನ್ನು ಸವೆಸುವುದು ನೀರು ಮತ್ತು ಅದರೊಡನೆ ಒಳಸೇರುವ ನುಣ್ಣನೆಯ ಮಣ್ಣು. ಇವೆರಡನ್ನು ಹೊರಗಿಡುವುದಕ್ಕೆ ಮಾಡಿದ ಖರ್ಚು ಎಂದೂ ವ್ಯರ್ಥವಾಗಿಲ್ಲ. ಉಳಿದ ಮಾರ್ಪಾಡುಗಳಲ್ಲಿ ಹೆಚ್ಚಿನವು ಕಣ್ಣಿಗೆ ಚೆಂದ, ಅಷ್ಟೇ.

ಬೈಕಿನ ಮೂಲ ಲಕ್ಷಣಗಳನ್ನು ಚುಟುಕಾಗಿ ಹೇಳಿಬಿಡುತ್ತೇನೆ. 199.6 ಸಿಸಿಯ, ನಾಲ್ಕು ವಾಲ್ವಿನ, ಆಯಿಲ್ ಕೂಲರ್ ಇರುವ ಒಂದೇ ಸಿಲಿಂಡರಿನ ಎಂಜಿನ್. ಸುಮಾರು 19 ಪಿಎಸ್ ಶಕ್ತಿ, 17.35 ನ್ಯೂಟನ್ ಮೀಟರ್ ಟಾರ್ಕ್, ಐದು ಗೇರು. ಮುಂದೆ 21 ಇಂಚು, ಹಿಂದೆ 18 ಇಂಚಿನ ಕಡ್ಡಿ ಚಕ್ರಗಳು. ಮುಂದಿನ ಫೋರ್ಕ್ 190 ಮಿಲಿಮೀಟರ್, ಹಿಂದಿನ ಶಾಕ್ 170 ಮಿಲಿಮೀಟರ್ ಆಡುತ್ತವೆ. ನೆಲದಿಂದ 220 ಮಿಲಿಮೀಟರ್ ಎತ್ತರ, ಸೀಟಿನ ಎತ್ತರ 825 ಮಿಲಿಮೀಟರ್. ಎಂಜಿನ್ನಿನ ಬಲವೆಲ್ಲ ಸ್ವಲ್ಪ ಮೇಲಿನ ಸುತ್ತುಗಳಲ್ಲಿ ಇರುವುದರಿಂದ, ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳಲ್ಲಿ ಹಿಂದೆ ಒಬ್ಬರನ್ನು ಕೂರಿಸಿಕೊಂಡು ಹತ್ತುವಾಗ ಎರಡನೇ ಗೇರನ್ನು ಬಿಡುವ ಹಾಗಿಲ್ಲ. ಹೆದ್ದಾರಿಯಲ್ಲಿ ಗಂಟೆಗೆ 80 ಕಿಲೋಮೀಟರಿನ ಆಸುಪಾಸಿನಲ್ಲಿ ಇದು ನೆಮ್ಮದಿಯ ಗಾಡಿ. ಅದಕ್ಕಿಂತ ವೇಗವಾಗಿ ಬೆಂಗಳೂರಿಗೆ ಹೋಗಿಬರುವುದೇ ಮುಖ್ಯವಾಗಿರುವವರು ಬೇರೆ ಬೈಕು ನೋಡುವುದು ಒಳ್ಳೆಯದು. ತೋಟದ ದಾರಿಯಲ್ಲಿ, ಕಲ್ಲು ಎದ್ದ ಏರಿನಲ್ಲಿ, ಕೊಚ್ಚಿಹೋದ ಮೋರಿಯ ಅಂಚಿನಲ್ಲಿ ಇದರ 21 ಇಂಚಿನ ಮುಂಚಕ್ರ ತೋರುವ ನಿರಾಳತೆಯನ್ನು ಸಾಧಾರಣ ಬೈಕಿನಿಂದ ನಿರೀಕ್ಷಿಸಲಾಗದು.

ನಿರ್ವಹಣೆಯಲ್ಲಿ ಮೊದಲ ಮಾತು ಚೈನಿನದು. ಆರಿದ್ರಾ ಮಳೆ ಹಿಡಿದರೆ ಆಶ್ಲೇಷದವರೆಗೆ ನಮ್ಮ ಕಡೆಯ ಮಣ್ಣುರಸ್ತೆ ಪೂರ್ತಿಯಾಗಿ ಒಣಗುವುದೇ ಇಲ್ಲ. ಆ ಕೆಸರಿನಲ್ಲಿರುವ ನುಣ್ಣನೆಯ ಜಂಬಿಟ್ಟಿಗೆಯ ಹರಳು ಚೈನಿನ ಎಣ್ಣೆಗೆ ಅಂಟಿಕೊಂಡು ಸಾಣೆ ಹಿಡಿದಂತೆ ರೋಲರುಗಳನ್ನು ಸವೆಸುತ್ತದೆ. ಅಂಗಡಿಯಲ್ಲಿ ಸಿಗುವ ಅಂಟಂಟಾದ ಸ್ಪ್ರೇ ಲ್ಯೂಬುಗಳು ಬೇಸಿಗೆಗೆ ಸರಿ. ಮಳೆಗಾಲದಲ್ಲಿ ಅವು ಮಣ್ಣನ್ನು ಹಿಡಿದಿಟ್ಟುಕೊಳ್ಳುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾನು ಬಳಸುವುದು 90ರ ಗೇರ್ ಆಯಿಲ್ ಮಾತ್ರ. ಸೀಮೆಎಣ್ಣೆಯಲ್ಲಿ ಅದ್ದಿದ ಮೆದು ಬ್ರಷ್ಷಿನಿಂದ ಚೈನನ್ನು ಉಜ್ಜಿ, ಬಟ್ಟೆಯಿಂದ ಒರೆಸಿ, ಒಳಬದಿಯ ಕೊಂಡಿಗಳ ಮೇಲೆ ಎಣ್ಣೆಯನ್ನು ತೊಟ್ಟಿಕ್ಕಿಸಿ, ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಮೇಲಿನದನ್ನು ಒರೆಸಿಬಿಡಬೇಕು. ಪೆಟ್ರೋಲು ಅಥವಾ ತಂತಿ ಬ್ರಷ್ಷು ಬಳಸಿದರೆ ಕೊಂಡಿಗಳ ನಡುವಿನ ರಬ್ಬರ್ ರಿಂಗುಗಳು ಹಾಳಾಗುತ್ತವೆ. ರಿಂಗು ಹೋದ ಮೇಲೆ ಒಳಗಿನ ಗ್ರೀಸು ಉಳಿಯುವುದಿಲ್ಲ, ಹೊರಗಿನಿಂದ ಎಷ್ಟು ಎಣ್ಣೆ ಸುರಿದರೂ ಪ್ರಯೋಜನವಿಲ್ಲ.

ಚೈನನ್ನು ಬಿಗಿ ಮಾಡುವ ವಿಷಯದಲ್ಲಿ ಪೇಟೆಯ ಮೆಕ್ಯಾನಿಕ್ಕುಗಳಿಗೂ ಒಮ್ಮೊಮ್ಮೆ ತಿಳಿಹೇಳಬೇಕಾಗುತ್ತದೆ. ಶಾಕ್ ಹೆಚ್ಚು ಆಡುವ ಇಂಥ ಬೈಕಿನಲ್ಲಿ ಮುಂದಿನ ಸ್ಪ್ರಾಕೆಟ್ (ಚೈನು ಕೂರುವ ಹಲ್ಲಿನ ಚಕ್ರ), ಹಿಂಚಕ್ರವನ್ನು ಹಿಡಿದಿರುವ ಸ್ವಿಂಗ್‌ಆರ್ಮಿನ ಕೀಲು, ಹಿಂದಿನ ಆಕ್ಸೆಲ್ ಮೂರೂ ಒಂದೇ ಗೆರೆಗೆ ಬಂದಾಗ ಚೈನು ಅತಿ ಬಿಗಿಯಾಗುತ್ತದೆ. ನಿಂತ ಗಾಡಿಯಲ್ಲಿ ಅದು ಚೊಕ್ಕವಾಗಿ ಕಾಣಲಿ ಎಂದು ಬಿಗಿದರೆ, ಗುಂಡಿಗೆ ಇಳಿದ ಪ್ರತಿ ಸಲವೂ ಗೇರ್‌ಬಾಕ್ಸಿನ ಬೇರಿಂಗಿನ ಮೇಲೆ ಎಳೆತ ಬೀಳುತ್ತದೆ. ಸವೆತವನ್ನು ತಿಳಿಯಲು ಅಳತೆಪಟ್ಟಿಯೇನೂ ಬೇಡ: ಹಿಂದಿನ ಸ್ಪ್ರಾಕೆಟ್ಟಿನ ಹಿಂತುದಿಯಲ್ಲಿ ಚೈನನ್ನು ಬೆರಳಿನಿಂದ ಹಿಂದಕ್ಕೆ ಎಳೆದು ನೋಡಿ, ಹಲ್ಲು ಅರ್ಧದಷ್ಟು ಹೊರಗೆ ಕಾಣಿಸಿದರೆ ಚೈನು ಮುಗಿದಿದೆ ಎಂದೇ ಅರ್ಥ. ಆಗ ಚೈನನ್ನಷ್ಟೇ ಬದಲಿಸದೆ ಎರಡೂ ಸ್ಪ್ರಾಕೆಟ್ಟುಗಳನ್ನು ಸೇರಿಸಿ ಸೆಟ್ಟನ್ನೇ ಬದಲಿಸಬೇಕು.

ಎರಡನೆಯದು ಬೇರಿಂಗುಗಳು. ಕೋನ್‌ಸೆಟ್ (ಹ್ಯಾಂಡಲ್ಲು ತಿರುಗುವ ಬೇರಿಂಗು), ಚಕ್ರಗಳ ಬೇರಿಂಗು, ಸ್ವಿಂಗ್‌ಆರ್ಮಿನ ಕೀಲು ಇವು ಮೂರನ್ನೂ ಮಳೆಗಾಲಕ್ಕೆ ಮೊದಲೊಮ್ಮೆ, ನವರಾತ್ರಿಯ ಹೊತ್ತಿಗೆ ಇನ್ನೊಮ್ಮೆ ಬಿಚ್ಚಿಸಿ ನೀರು ತಡೆಯುವ ಗ್ರೀಸು ತುಂಬಿಸುತ್ತೇನೆ. ಕೋನ್‌ಸೆಟ್ ಸವೆದರೆ ಹ್ಯಾಂಡಲ್ಲು ನಡುಮಧ್ಯದಲ್ಲಿ ಸಣ್ಣಗೆ ಕಚ್ಚಿ ನಿಂತ ಅನುಭವವಾಗುತ್ತದೆ. ಮುಂಚಕ್ರವನ್ನು ಎತ್ತಿ ನಿಲ್ಲಿಸಿ ಹ್ಯಾಂಡಲ್ಲನ್ನು ಎರಡು ಬೆರಳಿನಿಂದ ತಿರುಗಿಸಿದರೆ ಅದು ಸ್ಪಷ್ಟವಾಗಿ ಗೊತ್ತಾಗುತ್ತದೆ. ಬದಲಿಸುವ ಹೊತ್ತು ಬಂದಾಗ ಗುಂಡಿನ ಬೇರಿಂಗಿನ ಬದಲು ಟೇಪರ್ ರೋಲರ್ ಬೇರಿಂಗು ಹಾಕಿಸಿದ್ದು ನನ್ನ ಪ್ರಕಾರ ಈ ಬೈಕಿಗೆ ಮಾಡಿದ ಅತ್ಯುತ್ತಮ ಮಾರ್ಪಾಡು. ಹೊರಗೆ ಯಾರಿಗೂ ಕಾಣದ ಮಾರ್ಪಾಡೂ ಹೌದು. ಪ್ರೆಶರ್ ವಾಶ್ ಮಾತ್ರ ಈ ಬೈಕಿಗೆ ಬೇಡ. ನನ್ನ ಗಾಡಿಯನ್ನು ನೋಡಿಕೊಳ್ಳುವ ತೀರ್ಥಹಳ್ಳಿಯ ಮೆಕ್ಯಾನಿಕ್ಕು ಒಮ್ಮೆ ಹೇಳಿದಂತೆ, "ಮಾರಾಯ್ರೆ, ಓಡಿಸಿ ಹಾಳಾದ ಬೇರಿಂಗಿಗಿಂತ ತೊಳೆದು ಹಾಳಾದದ್ದೇ ನನ್ನ ಹತ್ರ ಜಾಸ್ತಿ ಬರೋದು." ತೋಟದ ಪೈಪಿನ ನೀರು, ಒಂದು ಬಟ್ಟೆ, ಸ್ವಲ್ಪ ತಾಳ್ಮೆ ಇದ್ದರೆ ಸಾಕು.

ಫೋರ್ಕಿನ ಮೇಲಿರುವ ರಬ್ಬರ್ ಗೇಟರುಗಳು ಕೆಸರಿನಿಂದ ರಕ್ಷಣೆ ಕೊಡುತ್ತವೆ ಎಂಬುದು ನಿಜವಾದರೂ, ನಮ್ಮ ಮಳೆಯಲ್ಲಿ ಅವುಗಳ ಒಳಗೂ ತೇವ ಸೇರಿ ನುಣ್ಣನೆಯ ರಾಡಿ ಕೂರುತ್ತದೆ. ತಿಂಗಳಿಗೊಮ್ಮೆ ಕ್ಲಿಪ್ಪು ಸಡಿಲಿಸಿ, ಗೇಟರನ್ನು ಮೇಲೆತ್ತಿ, ಪೈಪನ್ನು ಒರೆಸಿ, ತೆಳ್ಳಗೆ ಸಿಲಿಕೋನ್ ಗ್ರೀಸು ಸವರಿದರೆ ಆಯಿಲ್ ಸೀಲುಗಳು ಬಾಳುತ್ತವೆ. ಹಿಂಚಕ್ರ ಎರಚುವ ಕೆಸರಿನಿಂದ ಶಾಕನ್ನು ಕಾಪಾಡಲು ಹಳೆಯ ಲಾರಿ ಟ್ಯೂಬಿನ ಒಂದು ತುಂಡನ್ನು ಕತ್ತರಿಸಿ, ಸ್ವಿಂಗ್‌ಆರ್ಮಿಗೂ ಒಳಮಡ್ಗಾರ್ಡಿಗೂ ನಡುವೆ ಪರದೆಯ ಹಾಗೆ ಜಿಪ್‌ಟೈ ಹಾಕಿ ಕಟ್ಟಿದ್ದೇನೆ. ಖರ್ಚು ಇಲ್ಲವೆನ್ನುವಷ್ಟು. ಶಾಕಿನ ರಾಡು ಇಂದಿಗೂ ಹೊಳೆಯುತ್ತಿದೆ.

ಅಡಿಕೆ ಬೆಳೆಗಾರರಿಗೆ ಮಾತ್ರ ಸಂಬಂಧಿಸಿದ ಒಂದು ವಿಷಯವನ್ನು ಇಲ್ಲಿ ಬಿಡಿಸಿ ಹೇಳಬೇಕು. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವ ಕಾಲದಲ್ಲಿ, ಅಂದರೆ ಮುಂಗಾರಿಗೆ ಮುಂಚೆ ಒಮ್ಮೆ ಮತ್ತು ಸುಮಾರು 40–45 ದಿನಗಳ ನಂತರ ಇನ್ನೊಮ್ಮೆ, ಮೈಲುತುತ್ತದ ಚೀಲವನ್ನು ಹಿಂದಿನ ಕ್ಯಾರಿಯರಿನಲ್ಲಿ ಕಟ್ಟಿಕೊಂಡು ಹೋಗುವುದು ನಮ್ಮಲ್ಲಿ ಸಾಮಾನ್ಯ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎಂಬ ಲೆಕ್ಕದಲ್ಲಿ ದೊಡ್ಡ ತೋಟಕ್ಕೆ ಹಲವು ಚೀಲಗಳು ಬೇಕಾಗುತ್ತವೆ. ಮಳೆಹನಿ ಬಿದ್ದು ಒದ್ದೆಯಾದ ಮೈಲುತುತ್ತ ಲೋಹಕ್ಕೆ ತಾಗಿದರೆ ತಾಮ್ರ ಕೆಳಗಿಳಿದು ಕೂರುತ್ತದೆ, ಅದರ ಬದಲಿಗೆ ಕಬ್ಬಿಣ ಕರಗಿ ಹೋಗುತ್ತದೆ. ಅಲ್ಯೂಮಿನಿಯಂ ಆದರೆ ಇನ್ನೂ ಬೇಗ ಗುಳಿ ಬೀಳುತ್ತದೆ. ಬಣ್ಣ ಎದ್ದಿರುವ ಕ್ಯಾರಿಯರು, ಕಡ್ಡಿಗಳ ನಿಪ್ಪಲ್ಲು, ಹಿಂದಿನ ಡಿಸ್ಕ್ ಬ್ರೇಕಿನಂಥ ಪ್ಲಾಸ್ಟಿಕ್ ಅಲ್ಲದ ಯಾವುದೇ ಭಾಗಕ್ಕೂ ಇದು ತಾಗಬಾರದು. ಮುಚ್ಚಳವಿರುವ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಹಾಕಿ ಒಯ್ಯುವುದು, ಮನೆಗೆ ಬಂದ ತಕ್ಷಣ ಆ ಭಾಗಕ್ಕೆ ಧಾರಾಳವಾಗಿ ನೀರು ಹುಯ್ಯುವುದು ಎರಡೂ ಅಗತ್ಯ. ಯಾವ ಸರ್ವೀಸ್ ಕೈಪಿಡಿಯಲ್ಲೂ ಇದು ಸಿಗಲಾರದು.

ಕಡ್ಡಿ ಚಕ್ರದ ಜೊತೆ ಟ್ಯೂಬಿನ ಟೈರು ಬರುತ್ತದೆ. ಪಂಕ್ಚರ್ ಆದರೆ ಟೈರನ್ನು ರಿಮ್ಮಿನಿಂದ ಎಬ್ಬಿಸಲೇಬೇಕು. ಎರಡು ಟೈರ್ ಲಿವರು, ಸಣ್ಣ ಪಂಪು, 21 ಇಂಚಿನ ಒಂದು ಟ್ಯೂಬು ನನ್ನ ಚೀಲದಲ್ಲಿ ಯಾವಾಗಲೂ ಇರುತ್ತವೆ. ತುರ್ತಿನಲ್ಲಿ 21 ಇಂಚಿನ ಟ್ಯೂಬನ್ನು ಹಿಂದಿನ 18 ಇಂಚಿನ ಚಕ್ರಕ್ಕೂ ಹಾಕಿ ಊರು ಸೇರಬಹುದು, ಆದ್ದರಿಂದ ಎರಡು ಅಳತೆಯ ಟ್ಯೂಬು ಹೊರುವ ಅಗತ್ಯವಿಲ್ಲ. ಕೆಸರಿನಲ್ಲಿ ಗಾಳಿ ಕಡಿಮೆ ಮಾಡಿದರೆ ಹಿಡಿತ ಹೆಚ್ಚುತ್ತದೆ; ಆದರೆ ಕಲ್ಲಿನ ದಾರಿಯಲ್ಲಿ ತೀರಾ ಕಡಿಮೆ ಗಾಳಿಯಿದ್ದರೆ ಟ್ಯೂಬು ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕಿ ಹಾವು ಕಚ್ಚಿದ ಗುರುತಿನ ಹಾಗೆ ಎರಡು ತೂತು ಬೀಳುತ್ತದೆ. ಕಡ್ಡಿಗಳನ್ನು ಆಗಾಗ ಸ್ಪ್ಯಾನರಿನಿಂದ ಮೆಲ್ಲಗೆ ತಟ್ಟಿ ನೋಡುವುದು ಒಳ್ಳೆಯ ಅಭ್ಯಾಸ: ಬಿಗಿಯಾದದ್ದು ಕಿಣಿ ಎನ್ನುತ್ತದೆ, ಸಡಿಲಾದದ್ದು ಮಂಕಾಗಿ ಸದ್ದು ಮಾಡುತ್ತದೆ. ಅಂಥದ್ದು ಒಂದೆರಡು ಸಿಕ್ಕರೆ ಚಕ್ರ ಓಲಾಡುವ ಮೊದಲೇ ಬಿಗಿಸಿಕೊಳ್ಳಬಹುದು.

ಇನ್ನು ಮಾರ್ಪಾಡುಗಳು. ಸೈಡ್ ಸ್ಟ್ಯಾಂಡಿನ ತುದಿಗೆ ವೆಲ್ಡಿಂಗ್ ಅಂಗಡಿಯಲ್ಲಿ ಅಂಗೈಯಗಲದ ತಗಡು ಕೂಡಿಸಿದ್ದೇನೆ. ಮಳೆಗಾಲದ ಅಂಗಳದಲ್ಲಿ ಗಾಡಿ ವಾಲುವುದು ನಿಂತಿದೆ. ಹಳುವಿನ ನಡುವೆ ಹೋಗುವವರಿಗೆ ಲಿವರುಗಳನ್ನು ಕಾಪಾಡುವ ಲೋಹದ ಹ್ಯಾಂಡ್‌ಗಾರ್ಡ್ ಬೇಕೇ ಬೇಕು. ಮುಂದಿನ ಸ್ಪ್ರಾಕೆಟ್ಟಿನಲ್ಲಿ ಒಂದು ಹಲ್ಲು ಕಡಿಮೆ ಮಾಡಿಸಿಕೊಂಡವರು ನಮ್ಮ ಕಡೆ ಅನೇಕರಿದ್ದಾರೆ, ನಾನೂ ಕೆಲವು ತಿಂಗಳು ಹಾಗೆ ಓಡಿಸಿದೆ. ಕಡಿದಾದ ತೋಟದ ಏರಿನಲ್ಲಿ ಕ್ಲಚ್ಚು ಹಿಡಿಯುವ ಕೆಲಸ ನಿಜವಾಗಿಯೂ ಕಡಿಮೆಯಾಗುತ್ತದೆ. ಆದರೆ ಶಿವಮೊಗ್ಗದ ದಾರಿಯಲ್ಲಿ ಅದೇ ವೇಗಕ್ಕೆ ಎಂಜಿನ್ನು ಹೆಚ್ಚು ಸುತ್ತಬೇಕಾಗಿ ನಡುಕವೂ ಪೆಟ್ರೋಲಿನ ಖರ್ಚೂ ಏರುತ್ತವೆ. ವಾರದಲ್ಲಿ ಹೆಚ್ಚು ದಿನ ಟಾರಿನ ಮೇಲೆ ಓಡುವ ಗಾಡಿಗೆ ಮೂಲದ್ದೇ ಸರಿ ಎಂದು ಮರಳಿ ಹಾಕಿಸಿದೆ. ಕಂಪನಿಯ ರ್‍ಯಾಲಿ ಕಿಟ್‌ನ ಫೋರ್ಕ್ 250 ಮಿಲಿಮೀಟರ್ ಆಡುತ್ತದೆ, ಕೆಲಸವೂ ಅಚ್ಚುಕಟ್ಟು. ಆದರೆ ಅದರೊಡನೆ ಸೀಟೂ ಮೇಲೇರುವುದರಿಂದ, ಹಿಂದೆ ಗೊಬ್ಬರದ ಚೀಲ ಕಟ್ಟಿಕೊಂಡು ಇಳಿಜಾರಿನಲ್ಲಿ ನಿಲ್ಲಬೇಕಾದ ನನ್ನಂಥ ಸಾಧಾರಣ ಎತ್ತರದವರಿಗೆ ಅದು ಹೊಂದುವುದಿಲ್ಲ.

ಆನ್‌ಲೈನಿನಲ್ಲಿ ತರಿಸಿದ, ಹೆಸರಿಗೇನೂ ಬೆಲೆಯಿಲ್ಲದ ಕ್ರ್ಯಾಷ್ ಗಾರ್ಡೊಂದು ಮೊದಲ ಮಳೆಗಾಲದಲ್ಲೇ ಬಣ್ಣ ಕಳಚಿ ತುಕ್ಕು ಹಿಡಿಯಿತು; ಅದರ ಬೋಲ್ಟಿನ ತೂತುಗಳೂ ಫ್ರೇಮಿಗೆ ಸರಿಹೊಂದಿರಲಿಲ್ಲ. ಇಂಥವನ್ನು ಕೊಳ್ಳುವ ಬದಲು ಶಿವಮೊಗ್ಗದ ಯಾವುದಾದರೂ ಫ್ಯಾಬ್ರಿಕೇಷನ್ ಷೆಡ್ಡಿನಲ್ಲಿ ಗಾಡಿ ನಿಲ್ಲಿಸಿಯೇ ಅಳತೆ ತೆಗೆಸಿ ಮಾಡಿಸುವುದು ಲೇಸು. ಆಗುಂಬೆ, ಹುಲಿಕಲ್ ಕಡೆಯ ಮಂಜಿಗೆ ಹೆಚ್ಚುವರಿ ದೀಪ ಬೇಕೆನಿಸಿದರೆ ಆದಷ್ಟು ಕೆಳಗೆ ಕೂರುವ ಹಳದಿ ದೀಪವನ್ನು ಆರಿಸಿಕೊಂಡು, ಪ್ರತ್ಯೇಕ ರಿಲೇ ಮತ್ತು ಫ್ಯೂಸಿನೊಡನೆ ಬ್ಯಾಟರಿಯಿಂದಲೇ ವೈರು ಎಳೆಸಬೇಕು. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಜಾಗದಲ್ಲಿ ಮೂಲ ವೈರಿಂಗನ್ನು ಕತ್ತರಿಸಿ ಟೇಪು ಸುತ್ತಿದ ಜೋಡಣೆ ಹೆಚ್ಚು ಕಾಲ ಬಾಳುವುದಿಲ್ಲ. ಸೈಲೆನ್ಸರ್ ಬದಲಿಸುವ ಆಸೆಯಿದ್ದವರು ಮೋಟಾರು ವಾಹನ ಕಾಯಿದೆಯ 52ನೇ ಕಲಮನ್ನು ಓದಿಕೊಳ್ಳಲಿ. ತಯಾರಕರು ಕೊಟ್ಟ ಮೂಲ ವಿವರಗಳಿಗೆ ಹೊಂದದಂತೆ ವಾಹನವನ್ನು ಬದಲಿಸುವುದನ್ನು ಅದು ನಿಷೇಧಿಸುತ್ತದೆ. ಕಾನೂನು ಹಾಗಿರಲಿ, ಕಾಡಿನಂಚಿನ ಊರುಗಳಲ್ಲಿ ಆ ಸದ್ದನ್ನು ಯಾರೂ ಮೆಚ್ಚುವುದಿಲ್ಲ.

2025ರಲ್ಲಿ ಬಂದ ಎಕ್ಸ್‌ಪಲ್ಸ್ 210ರಲ್ಲಿ ನೀರಿನಿಂದ ತಂಪಾಗುವ ಎಂಜಿನ್ನೂ ಆರು ಗೇರೂ ಇವೆ. ಹೆದ್ದಾರಿಯ ಓಟವೇ ಹೆಚ್ಚಾಗಿರುವವರಿಗೆ ಅದು ಒಳ್ಳೆಯ ಆಯ್ಕೆ. ರೇಡಿಯೇಟರೂ ನೀರಿನ ಹೋಸು ಪೈಪುಗಳೂ ಇಲ್ಲದ ಗಾಡಿಯನ್ನು ಹೋಬಳಿ ಮಟ್ಟದ ಮೆಕ್ಯಾನಿಕ್ಕು ಧೈರ್ಯವಾಗಿ ಬಿಚ್ಚುತ್ತಾನೆ ಎಂಬ ಒಂದೇ ಕಾರಣಕ್ಕೆ ನಾನು 200ರಲ್ಲೇ ಉಳಿದಿದ್ದೇನೆ. ಮಲೆನಾಡಿನಲ್ಲಿ ಓಡಿದ 200 4ವಿಯನ್ನು ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಮೊದಲು ಸೀಟು ತೆಗೆಸಿ ಹಿಂದಿನ ಫ್ರೇಮಿನ ಬೆಸುಗೆಗಳನ್ನು ನೋಡಲಿ, ಆಮೇಲೆ ಗೇಟರ್ ಎತ್ತಿಸಿ ಫೋರ್ಕಿನ ಪೈಪು, ಕಡ್ಡಿಗಳ ನಿಪ್ಪಲ್ಲು, ಸ್ವಿಂಗ್‌ಆರ್ಮಿನ ಬೋಲ್ಟು. ಆ ಬೋಲ್ಟು ಸುತ್ತಿಗೆಯಿಲ್ಲದೆ ಹೊರಬಂದರೆ ಗಾಡಿಯನ್ನು ನೋಡಿಕೊಂಡಿದ್ದಾರೆ ಎಂದು ನಂಬಬಹುದು. ಬರದಿದ್ದರೆ ಮೂರು ಕಡೆಯ ಬೇರಿಂಗು ಮತ್ತು ಚೈನ್ ಸೆಟ್ಟಿನ ಬೆಲೆಯನ್ನು ಕಳೆದು ವ್ಯಾಪಾರ ಮಾತಾಡುವುದು ವಾಸಿ.