ಆಕ್ಸಿಜನ್ ನಾಟ್ ಇನ್‌ಕ್ಲೂಡೆಡ್: ಬಿಸಿಯ ಲೆಕ್ಕ ಬಿಡದ ಆಟ

ನೆಲದಡಿಯಲ್ಲಿ ಕಾಲೊನಿ ಕಟ್ಟಿ, ಅದರ ಜನರಿಗೆ ಗಾಳಿ, ನೀರು, ಊಟ ಒದಗಿಸುವ ಈ ಕಂಪ್ಯೂಟರ್ ಆಟದಲ್ಲಿ ಕಾಲೊನಿ ಸಾಯುವುದು ಹಸಿವಿನಿಂದ ಎಂದು ತೋರುತ್ತದೆ. ಬೇರು ಹುಡುಕಿದರೆ ಹೆಚ್ಚಿನ ಸಲ ಸಿಗುವುದು ಬಿಸಿ. ಎಲೆಕ್ಟ್ರೊಲೈಜರ್ ಸೆಕೆಂಡಿಗೆ 1 ಕೆಜಿ ನೀರು ಕುಡಿದು 888 ಗ್ರಾಂ ಆಮ್ಲಜನಕ, 112 ಗ್ರಾಂ ಹೈಡ್ರೋಜನ್ ಕೊಡುತ್ತದೆ. ನೀರು ಎಷ್ಟೇ ತಣ್ಣಗಿರಲಿ, ಆ ಗಾಳಿ ಹೊರಬರುವುದು ಕನಿಷ್ಠ 70 ಡಿಗ್ರಿಯಲ್ಲಿ. ಊಟಕ್ಕೆಂದು ಬೆಳೆಯುವ ಮೀಲ್‌ವುಡ್ ಗಿಡ 30 ಡಿಗ್ರಿ ದಾಟಿದರೆ ಬೆಳೆಯುವುದು ನಿಲ್ಲಿಸುತ್ತದೆ. ಉಸಿರಾಡುವ ಗಾಳಿಯೇ ಹೊಲವನ್ನು ಮೆಲ್ಲಗೆ ಕಾಯಿಸುತ್ತಾ ಹೋಗುತ್ತದೆ, ಊಟ ಖಾಲಿಯಾದಾಗಲೇ ಅದು ಕಣ್ಣಿಗೆ ಬೀಳುವುದು. ಆದ್ದರಿಂದ ಊಟದ ದಾಸ್ತಾನಿಗಿಂತ ಮೊದಲು ಹೊಲದ ತಾಪಮಾನ ನೋಡುವ ರೂಢಿ ಮಾಡಿಕೊಳ್ಳಿ.

ಕೆನಡಾದ ಕ್ಲೈ ಎಂಟರ್‌ಟೈನ್‌ಮೆಂಟ್ ಇದನ್ನು 2019ರ ಜುಲೈನಲ್ಲಿ ಪೂರ್ಣ ರೂಪದಲ್ಲಿ ತಂದಿತು. ಪ್ರತಿ ಚೌಕದಲ್ಲಿ ಒಂದೇ ವಸ್ತು, ಅದಕ್ಕೊಂದು ತೂಕ, ಒಂದು ತಾಪಮಾನ. ನೀರಿನ ಉಷ್ಣಧಾರಣೆ (ಒಂದು ಗ್ರಾಂ ಅನ್ನು ಒಂದು ಡಿಗ್ರಿ ಏರಿಸಲು ಬೇಕಾದ ಬಿಸಿ) 4.179, ಅಂದರೆ ಶಾಲೆಯ ಭೌತಶಾಸ್ತ್ರದಲ್ಲಿ ಓದಿದ ಸಂಖ್ಯೆಯೇ. ನಿರ್ವಾತದಲ್ಲಿ ಬಿಸಿ ಹರಿಯುವುದಿಲ್ಲ. ವರ್ಷಗಟ್ಟಲೆ ಆಡಿದರೂ ಇದು ಬೇಸರ ತರದಿರುವುದಕ್ಕೆ ಕಾರಣ ಇದೇ: ಬಿಸಿಯನ್ನು ಒಂದು ಕಡೆಯಿಂದ ತೆಗೆದರೆ ಅದನ್ನು ಎಲ್ಲಿ ಇಡುತ್ತೀರಿ ಎಂದು ಆಟ ಕೇಳಿಯೇ ಕೇಳುತ್ತದೆ.

ಕಲಬುರಗಿಯ ಬಿಸಿಲು ಕಂಡವರಿಗೆ ಎರಡು ಕೊರತೆ ಬೇಗ ಹೊಳೆಯುತ್ತವೆ. ಮೊದಲನೆಯದು, ಇಲ್ಲಿ ನೀರು ಆರುವುದೇ ಇಲ್ಲ. ಕುದಿಬಿಂದು 99.35 ಡಿಗ್ರಿ, ಅದರ ಮೇಲೆ ಇನ್ನೂ ಮೂರು ಡಿಗ್ರಿ ಏರಿದರೇ ಆವಿ. ಹಾಗಾಗಿ ನಮ್ಮ ಮನೆಗಳ ಕಿಟಕಿಯಲ್ಲಿ ಕೂತ ಕೂಲರ್ ಈ ಲೋಕದಲ್ಲಿ ಕೆಲಸ ಮಾಡದು, ಒದ್ದೆ ಪ್ಯಾಡ್ ಮೂಲಕ ಗಾಳಿ ಊದಿದರೆ ತಂಪಾಗುವ ಲೆಕ್ಕವನ್ನೇ ಬರೆದಿಲ್ಲ. ಎರಡನೆಯದು, ವಿಕಿರಣದಿಂದ ಬಿಸಿ ಸಾಗುವುದಿಲ್ಲ. ಸೂರ್ಯ ಬೆಳಕು ಕೊಡುತ್ತಾನೆ, ಕಾಯಿಸುವುದಿಲ್ಲ. ಹಗಲೆಲ್ಲ ಕಾದು ರಾತ್ರಿ ಹನ್ನೊಂದಕ್ಕೂ ಝಳ ಬಿಡುವ ಶಹಾಬಾದ್ ಕಲ್ಲಿನ ಮಾಳಿಗೆಯ ಅರ್ಧ ಕಥೆ ಮಾತ್ರ ಇಲ್ಲಿದೆ. ದಪ್ಪ ಕಲ್ಲು ಬಿಸಿ ಹಿಡಿದಿಟ್ಟು ನಿಧಾನಕ್ಕೆ ಬಿಡುವುದು ಸರಿಯಾಗಿ ಬರುತ್ತದೆ, ಬಿಸಿಲು ಅದನ್ನು ಕಾಯಿಸುವುದು ಬರುವುದಿಲ್ಲ.

ಹಾಗಾದರೆ ತಂಪು ಮಾಡುವುದು ಹೇಗೆ? ಅಕ್ವಾಟ್ಯೂನರ್ ಮತ್ತು ಸ್ಟೀಮ್ ಟರ್ಬೈನ್ ಜೋಡಿ. ಅಕ್ವಾಟ್ಯೂನರ್ 1200 ವ್ಯಾಟ್ ತಿಂದು, ತನ್ನೊಳಗೆ ಹಾಯುವ ದ್ರವವನ್ನು 14 ಡಿಗ್ರಿ ಇಳಿಸಿ, ಆ ಬಿಸಿಯನ್ನು ತಾನು ಕೂತ ಕೋಣೆಗೆ ಬಿಡುತ್ತದೆ, ಅಲ್ಲಿನ ನೀರು ಆವಿಯಾಗುತ್ತದೆ. ಸೆಕೆಂಡಿಗೆ 10 ಕೆಜಿ ನೀರು ಹರಿದರೆ ಸುಮಾರು 585 ಕಿಲೊ ಡಿಟಿಯು (ಆಟದಲ್ಲಿ ಬಿಸಿ ಅಳೆಯುವ ಮಾನ) ಬಿಸಿ ಸಾಗುತ್ತದೆ. ಟರ್ಬೈನ್ 125 ಡಿಗ್ರಿ ಮೀರಿದ ಆವಿಯನ್ನು ಸೆಕೆಂಡಿಗೆ 2 ಕೆಜಿಯಂತೆ ಎಳೆದು 95 ಡಿಗ್ರಿಯ ನೀರಾಗಿ ಹೊರಹಾಕುತ್ತದೆ. ಲೆಕ್ಕ ಹಾಕಿದರೆ ಆವಿ ಕೋಣೆ ಸುಮಾರು 165 ಡಿಗ್ರಿಯಲ್ಲಿ ನಿಲ್ಲುತ್ತದೆ, ಟರ್ಬೈನ್ 560 ವ್ಯಾಟ್ ಆಸುಪಾಸು ವಾಪಸ್ ಕೊಡುತ್ತದೆ. ಅಂದರೆ ಇಡೀ ಕಾಲೊನಿಯ ತಂಪಿಗೆ ನಿಜವಾದ ಖರ್ಚು ಸುಮಾರು 640 ವ್ಯಾಟ್.

ಕೈಕೊಡುವ ಜಾಗಗಳು ಇವು. ಸಾಮಾನ್ಯ ಲೋಹದ ಅಕ್ವಾಟ್ಯೂನರ್ 125 ಡಿಗ್ರಿಗೇ ಸುಡಲು ಶುರುವಾಗುತ್ತದೆ, ಗೋಲ್ಡ್ ಅಮಾಲ್ಗಮ್ ಎಂಬ ಚಿನ್ನದ ಅದಿರಿನದು 175ಕ್ಕೆ, ಸ್ಟೀಲಿನದು 325ಕ್ಕೆ. ಸ್ಟೀಲೇ ಬೇಕು. ಅದಕ್ಕೆ 1200 ಕೆಜಿ, ಅಂದರೆ 840 ಕೆಜಿ ಕಬ್ಬಿಣ, 240 ಕೆಜಿ ರಿಫೈನ್ಡ್ ಕಾರ್ಬನ್, 120 ಕೆಜಿ ಸುಣ್ಣ. ಸೇಡಂ, ವಾಡಿ ಕಡೆ ಸುಣ್ಣದ ಕಲ್ಲಿಗೆ ಕೊರತೆಯಿಲ್ಲ, ಆಟದಲ್ಲಿ ಮಾತ್ರ ಮೊಟ್ಟೆ ಚಿಪ್ಪು, ಫಾಸಿಲ್ ಪುಡಿ ಮಾಡಿ ಕೂಡಿಸಬೇಕು. ಮೊದಲ ದಿನದಿಂದಲೇ ಚಿಪ್ಪು ಎತ್ತಿಡಿ.

ಆವಿ ಕೋಣೆಯ ಗಾಳಿಯನ್ನು ಪಂಪಿನಿಂದ ಪೂರ್ತಿ ತೆಗೆದ ಮೇಲೇ ನೀರು ಬಿಡಿ. ಉಳಿದ ಹೈಡ್ರೋಜನ್ ಮೇಲೇರಿ, ಟರ್ಬೈನ್‌ನ ಐದು ಬಾಯಿಗಳಲ್ಲಿ ಒಂದೆರಡರ ಕೆಳಗೆ ಕೂತು ಆವಿಗೆ ಅಡ್ಡವಾಗುತ್ತದೆ. ಟರ್ಬೈನ್ ಇರುವ ಮೇಲಿನ ಕೋಣೆಗೆ ಉಲ್ಟಾ ನಿಯಮ, ಅಲ್ಲಿ ಹೈಡ್ರೋಜನ್ ತುಂಬಿರಬೇಕು. ಟರ್ಬೈನ್ ತೆಗೆದ ಬಿಸಿಯ ಹತ್ತನೇ ಒಂದು ಪಾಲು ಅದರ ಮೈಗೇ ಬರುತ್ತದೆ, ಮೈ 100 ಡಿಗ್ರಿ ಮುಟ್ಟಿದರೆ ನಿಂತುಬಿಡುತ್ತದೆ. ತಂಪು ಪೈಪು ಟರ್ಬೈನಿನ ಬೆನ್ನ ಹಿಂದೆಯೇ ಹಾದಿದ್ದರೂ ಕೋಣೆ ನಿರ್ವಾತವಾಗಿದ್ದರೆ ಆ ತಂಪು ಟರ್ಬೈನಿಗೆ ಮುಟ್ಟದು. ಎಲ್ಲ ಸರಿಯಿದ್ದೂ ಟರ್ಬೈನ್ ನಿಂತರೆ ಮೊದಲು ಇದನ್ನೇ ನೋಡಿ.

ಪೈಪಿನ ವಿಚಾರ: ಅಕ್ವಾಟ್ಯೂನರ್‌ನ ಇನ್‌ಪುಟ್‌ಗೆ ತಾಗಿಕೊಂಡೇ ಪೈಪ್ ಥರ್ಮೊ ಸೆನ್ಸರ್ ಹಾಕಿ, ನೀರು 20 ಡಿಗ್ರಿ ಮೇಲಿದ್ದರೆ ಮಾತ್ರ ಯಂತ್ರ ಓಡುವಂತೆ ಕಟ್ಟಿ. 10 ಡಿಗ್ರಿಯ ನೀರು ಒಳಹೋದರೆ ಮೈನಸ್ 4 ಆಗಿ, ಗಡ್ಡೆಕಟ್ಟಿ ಪೈಪು ಒಡೆಯುತ್ತದೆ. ಕೊಳಕು ನೀರು ಮೈನಸ್ 20.65ರವರೆಗೆ ತಡೆಯುತ್ತದೆ, ಉಷ್ಣಧಾರಣೆ ಅಷ್ಟೇ, ಹಾಗಾಗಿ ಲೂಪಿಗೆ, ಅಂದರೆ ತಂಪು ದ್ರವ ಸುತ್ತುವ ಪೈಪಿನ ಬಳಸಿಗೆ, ಅದೇ ಒಳ್ಳೆಯದು. ಯಂತ್ರ ಆಫ್ ಆದಾಗ ದ್ರವ ನಿಲ್ಲಬಾರದು. ಪೈಪನ್ನು ಇನ್‌ಪುಟ್ ಮೇಲೆ ಹಾಯಿಸಿ ಮುಂದಕ್ಕೆ ಒಯ್ದು, ಔಟ್‌ಪುಟ್ ದಾಟಿದ ಮೇಲೆ ಬ್ರಿಜ್ ಮೂಲಕ ಲೂಪಿಗೆ ಸೇರಿಸಿ. ಲೂಪನ್ನು ಕಂಠಪೂರ್ತಿ ತುಂಬಬೇಡಿ, ಜಾಮ್ ಆಗುತ್ತದೆ.

ಅಪಾಯಗಳ ಚಿತ್ರಣದಲ್ಲಿ ಒಂದು ಸಂಗತಿ ನಿಜಕ್ಕೂ ಕಲಿಸುವಂಥದ್ದು: ಇಂಗಾಲದ ಡೈಆಕ್ಸೈಡ್ ತಳಕ್ಕಿಳಿದು ಕೂರುತ್ತದೆ. ಅಗೆದ ಗುಂಡಿಗೆ ಇಳಿದವನಿಗೆ ಉಸಿರುಗಟ್ಟುವುದನ್ನು ನೋಡಿದ ಹುಡುಗರಿಗೆ, ಹಳೇ ಬಾವಿಗೆ ಪರೀಕ್ಷೆ ಮಾಡದೆ ಇಳಿಯಬಾರದೇಕೆ ಎಂದು ಬೇರೆ ಹೇಳಬೇಕಿಲ್ಲ. ಬಿಸಿ ಆವಿ, ನೀರು ಮೈ ಸುಡುತ್ತವೆ, ಅಟ್ಮೊ ಸೂಟ್ ಎಂಬ ರಕ್ಷಣಾ ಉಡುಪು ತಡೆಯುತ್ತದೆ. ಆದರೆ ಬೆಂಕಿ ಎಂಬುದೇ ಇಲ್ಲ. ಹೈಡ್ರೋಜನ್ ಆಮ್ಲಜನಕದ ಪಕ್ಕದಲ್ಲೇ ಜನರೇಟರ್ ಓಡಿದರೂ ಏನೂ ಆಗದು. ನಿಜದಲ್ಲಿ ಅದು ಸಿಡಿಯುತ್ತದೆ, ಮಕ್ಕಳು ಆಡುವ ಮನೆಯಲ್ಲಿ ಇದೊಂದನ್ನು ದೊಡ್ಡವರು ಬಿಡಿಸಿ ಹೇಳಲೇಬೇಕು.

ಇನ್ನು ಕಂಪ್ಯೂಟರ್. ಕಾಲೊನಿ ದೊಡ್ಡದಾದಂತೆ ಹೊರೆ ಬೀಳುವುದು ಪ್ರೊಸೆಸರ್ ಮೇಲೆ, ಗ್ರಾಫಿಕ್ಸ್ ಕಾರ್ಡ್ ಮೇಲಲ್ಲ. ಮೇ ತಿಂಗಳ ಮಧ್ಯಾಹ್ನ ಕೋಣೆಯೇ 38–40 ಡಿಗ್ರಿ ಇರುವಾಗ ಲ್ಯಾಪ್‌ಟಾಪ್ ತನ್ನ ವೇಗ ತಾನೇ ತಗ್ಗಿಸಿಕೊಳ್ಳುತ್ತದೆ. ವಿಂಡೋಸ್ ಪವರ್ ಸೆಟ್ಟಿಂಗ್‌ನಲ್ಲಿ ಪ್ರೊಸೆಸರ್ ಗರಿಷ್ಠ ಮಿತಿಯನ್ನು 99 ಶೇಕಡಾಕ್ಕೆ ಇಳಿಸಿದರೆ ಹೆಚ್ಚಿನ ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ ಟರ್ಬೊ, ಅಂದರೆ ಪ್ರೊಸೆಸರ್ ಕೆಲಹೊತ್ತು ವೇಗ ಏರಿಸಿಕೊಳ್ಳುವುದು, ನಿಲ್ಲುತ್ತದೆ. ಆಟ ಸ್ವಲ್ಪ ನಿಧಾನವಾದರೂ ಏರಿಳಿತವಿಲ್ಲದೆ ನಡೆಯುತ್ತದೆ. ಕೂಲರ್‌ನ ಒದ್ದೆ ಗಾಳಿಗೆ ಎದುರಾಗಿ ಯಂತ್ರ ಇಡಬೇಡಿ. ಆಟೊಸೇವ್ ಪ್ರತಿ ಸೈಕಲ್‌ಗೆ, ಅಂದರೆ ಆಟದ ಒಂದು ದಿನಕ್ಕೆ, ಇರಲಿ. ಒಂದು ಸೈಕಲ್ 600 ಸೆಕೆಂಡ್, ಮೂರು ಪಟ್ಟು ವೇಗದಲ್ಲಿ 200. ಕರೆಂಟ್ ಹೋದರೂ ಕಳೆಯುವುದು ಅಷ್ಟೇ.